ಏಳು ತಿಂಗಳ ಲೆಕ್ಕ

ಟೆಕ್ಸಾಸ್‌ನ ಒಂದು ಫೆಡರಲ್ ಕೋರ್ಟಿನಲ್ಲಿ ಒಬ್ಬ ವ್ಯಕ್ತಿಗೆ 77 ತಿಂಗಳ ಸಜೆಯಾಯಿತು. ಅಮೆರಿಕದಿಂದ ಗಡೀಪಾರಾದ ಮೇಲೆ ಅನುಮತಿಯಿಲ್ಲದೆ ಮತ್ತೆ ಆ ದೇಶದೊಳಗೆ ಬಂದದ್ದು ಆತನ ಅಪರಾಧ. ತಪ್ಪನ್ನು ಒಪ್ಪಿಕೊಂಡೂ ಇದ್ದ. ಶಿಕ್ಷೆ ನಿಗದಿಯಾಗುವ ದಿನ ಸರ್ಕಾರಿ ವಕೀಲರು 96 ತಿಂಗಳು ಕೇಳಿದರು, ಆತನ ವಕೀಲರು 77 ಸಾಕೆಂದರು, ನ್ಯಾಯಾಧೀಶರು 77 ಕೊಟ್ಟರು. ಮೇಲ್ಮನವಿಯ ಹಂತದಲ್ಲಿ ಆತನ ಪರ ವಕೀಲರು ಕಡತ ಓದಿ, ಇದರಲ್ಲಿ ವಾದಿಸಲು ಯೋಗ್ಯವಾದ ಅಂಶ ಯಾವುದೂ ಇಲ್ಲವೆಂದು ಮೇಲಿನ ಕೋರ್ಟಿಗೆ ಬರೆದುಕೊಟ್ಟರು. ಹಾಗೆ ಬರೆದುಕೊಡಲು 1967ರ ಆಂಡರ್ಸ್ ತೀರ್ಪಿನಲ್ಲಿ ಅವಕಾಶವಿದೆ. ಆದರೆ ಆ ಬ್ರೀಫಿನ ಪ್ರತಿ ಕೈದಿಗೂ ತಲುಪಬೇಕು, ಅವನಿಗೂ ತನ್ನ ಮಾತು ಹೇಳಲು ಸಮಯ ಸಿಗಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ಈತ ಜೈಲಿನಿಂದಲೇ ಉತ್ತರ ಬರೆದ. ನನ್ನ ಹಳೆಯ ಶಿಕ್ಷೆಗಳನ್ನು ಕೂಡಿರುವ ಲೆಕ್ಕ ತಪ್ಪಾಗಿದೆ ಎಂದ.

ತಪ್ಪೇ ಆಗಿತ್ತು. ವರದಿ ತಯಾರಿಸಿದ ಪ್ರೊಬೇಷನ್ ಅಧಿಕಾರಿ, ಸರ್ಕಾರಿ ವಕೀಲರು, ಆತನ ವಕೀಲರು, ನ್ಯಾಯಾಧೀಶರು, ಇಷ್ಟು ಜನರ ಕಣ್ಣು ದಾಟಿ ಬಂದಿದ್ದ ತಪ್ಪು ಸಜೆ ಅನುಭವಿಸುತ್ತಿದ್ದವನ ಕಣ್ಣಿಗೆ ಬಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2016ರ ಏಪ್ರಿಲ್‌ನಲ್ಲಿ ‘ಮೊಲಿನಾ-ಮಾರ್ಟಿನೆಜ್’ ಎಂಬ ಹೆಸರಿನ ತೀರ್ಪಾಯಿತು. ಪೀಠದಲ್ಲಿದ್ದ ಎಂಟೂ ನ್ಯಾಯಮೂರ್ತಿಗಳು ಆತನ ಪರವಾಗಿ ನಿಂತರು.

ಆ ಲೆಕ್ಕವನ್ನು ತುಸು ಬಿಡಿಸಿ ನೋಡಬೇಕು. ಈ ಬಗೆಯ ಮೇಲ್ಮನವಿಗಳ ಜೀವ ಇರುವುದೇ ಅಲ್ಲಿ. ಅಮೆರಿಕದ ಫೆಡರಲ್ ಕೋರ್ಟುಗಳು ಶಿಕ್ಷೆ ವಿಧಿಸುವಾಗ ಸೆಂಟೆನ್ಸಿಂಗ್ ಕಮಿಷನ್ ಎಂಬ ಸಂಸ್ಥೆ ರೂಪಿಸಿದ ಗೈಡ್‌ಲೈನ್ ಪುಸ್ತಕವನ್ನು ಮುಂದಿಟ್ಟುಕೊಳ್ಳುತ್ತವೆ. ಅದರಲ್ಲೊಂದು ಕೋಷ್ಟಕವಿದೆ: 43 ಅಡ್ಡಸಾಲು, 6 ಕಂಬಸಾಲು. ಅಡ್ಡಸಾಲು ಅಪರಾಧದ ತೂಕವನ್ನೂ ಕಂಬಸಾಲು ಆರೋಪಿಯ ಹಿಂದಿನ ಶಿಕ್ಷೆಗಳನ್ನೂ ಹೇಳುತ್ತವೆ. ಆಗಿದ್ದ ನಿಯಮದಂತೆ ಅಕ್ರಮ ಮರುಪ್ರವೇಶಕ್ಕೆ ಮೂಲ ಅಂಕ 8. ಗಡೀಪಾರಿಗೆ ಮೊದಲು ಕೆಲವು ಬಗೆಯ ಗುರುತರ ಅಪರಾಧ ಮಾಡಿದ್ದರೆ ಮೇಲೆ 16. ತಪ್ಪೊಪ್ಪಿಕೊಂಡದ್ದಕ್ಕೆ 3 ಕಳೆದರೆ ಉಳಿಯುವುದು 21. ಆ ಸಾಲಿನ ಆರನೆಯ ಮನೆಯಲ್ಲಿ 77ರಿಂದ 96 ತಿಂಗಳೆಂದಿದೆ, ಐದನೆಯ ಮನೆಯಲ್ಲಿ 70ರಿಂದ 87 ತಿಂಗಳೆಂದಿದೆ. ಒಂದೇ ದಿನ ಘೋಷಿತವಾದ ಹಲವು ಶಿಕ್ಷೆಗಳನ್ನು ಸಾಮಾನ್ಯವಾಗಿ ಒಂದೆಂದೇ ಎಣಿಸಬೇಕು ಎಂಬುದು ನಿಯಮ. ಈತನ ಹಳೆಯ ಕನ್ನಗಳವಿನ ಶಿಕ್ಷೆಗಳನ್ನು ಬಿಡಿಬಿಡಿಯಾಗಿ ಎಣಿಸಿದ್ದರು. ಹಾಗಾಗಿ ಐದನೆಯ ಮನೆಯಲ್ಲಿರಬೇಕಾದವನು ಆರನೆಯದರಲ್ಲಿ ಕುಳಿತಿದ್ದ.

ಟೆಕ್ಸಾಸ್, ಲೂಸಿಯಾನ, ಮಿಸಿಸಿಪ್ಪಿಗಳ ಮೇಲ್ಮನವಿ ನೋಡುವ ಐದನೇ ಸರ್ಕ್ಯೂಟ್ ಕೋರ್ಟ್ ತಪ್ಪಾಗಿದೆಯೆಂದು ಒಪ್ಪಿತು, ಆದರೆ ಶಿಕ್ಷೆ ಬದಲಿಸಲಿಲ್ಲ. 77 ಎಂಬ ಸಂಖ್ಯೆ ಸರಿಯಾದ ಮನೆಯೊಳಗೂ ಬರುತ್ತದಲ್ಲ, ಸರಿಯಾಗಿ ಲೆಕ್ಕ ಹಾಕಿದ್ದರೆ ಕಡಿಮೆ ಕೊಡುತ್ತಿದ್ದರೆನ್ನಲು ಬೇರೆ ಪುರಾವೆ ಎಲ್ಲಿದೆ ಎಂದು ಕೇಳಿತು. ನ್ಯಾಯಮೂರ್ತಿ ಆಂಟನಿ ಕೆನಡಿ ಬರೆದ ತೀರ್ಪು ಈ ವಾದವನ್ನು ತಳ್ಳಿಹಾಕಿತು. ಗೈಡ್‌ಲೈನ್ ಈಗ ಸಲಹೆ ಮಾತ್ರ ಎಂಬುದು 2005ರ ‘ಬೂಕರ್’ ತೀರ್ಪಿನಿಂದ ನಿಜವೇ. ಆದರೂ ನ್ಯಾಯಾಧೀಶರ ಆಲೋಚನೆ ಹೊರಡುವುದು ಆ ಮನೆಯಿಂದಲೇ. ಹೊರಟ ಜಾಗವೇ ತಪ್ಪಾಗಿದ್ದರೆ ಮುಟ್ಟಿದ ಜಾಗವೂ ತಪ್ಪಿರಬಹುದೆನ್ನಲು ಬಹುತೇಕ ಅದಷ್ಟೇ ಸಾಕು.

ಎರಡೇ ವರ್ಷದಲ್ಲಿ ಅದೇ ಸರ್ಕ್ಯೂಟಿನಿಂದ, ಅದೇ ಅಪರಾಧದ ಮತ್ತೊಂದು ಕಡತ ವಾಷಿಂಗ್ಟನ್‌ಗೆ ಬಂತು. ಒಂದು ಹಲ್ಲೆ ಪ್ರಕರಣವನ್ನು ವರದಿಯಲ್ಲಿ ಎರಡು ಸಲ ಎಣಿಸಿದ್ದರು. ಅಲ್ಲಿಯೂ 70–87 ಇರಬೇಕಾದದ್ದು 77–96 ಆಗಿತ್ತು, ಕೊಟ್ಟದ್ದು 78 ತಿಂಗಳು. ತಪ್ಪು ಸ್ಪಷ್ಟವಿದೆ, ಆದರೆ ಮನಸ್ಸಾಕ್ಷಿಯನ್ನು ಕಲಕುವಷ್ಟು ದೊಡ್ಡದಲ್ಲ ಎಂದು ಮೇಲ್ಮನವಿ ಕೋರ್ಟ್ ಹೇಳಿತ್ತು. 2018ರ ‘ರೊಸಾಲೆಸ್-ಮಿರೆಲೆಸ್’ ತೀರ್ಪಿನಲ್ಲಿ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಅದನ್ನು ಒಪ್ಪಲಿಲ್ಲ. ಕೋರ್ಟು ತಾನೇ ಮಾಡಿದ ಲೆಕ್ಕದ ತಪ್ಪಿಗೆ ಒಬ್ಬ ಮನುಷ್ಯ ಹೆಚ್ಚುವರಿ ದಿನಗಳನ್ನು ಜೈಲಿನಲ್ಲಿ ಕಳೆಯುವಂತಾದರೆ ಜನರಿಗೆ ನ್ಯಾಯಾಂಗದ ಮೇಲಿನ ಗೌರವ ಹೇಗೆ ಉಳಿದೀತು ಎಂಬುದು ಅವರ ತರ್ಕ. ನ್ಯಾಯಮೂರ್ತಿ ಗೊರ್ಸಚ್ ಅವರು ಕೆಳಗಿನ ಕೋರ್ಟಿನಲ್ಲಿದ್ದಾಗ ಬರೆದಿದ್ದ ಮಾತನ್ನೇ ಅವರು ಇದಕ್ಕೆ ಆಧಾರವಾಗಿ ತಂದರು. ಏಳು ತಿಂಗಳು ಅಲ್ಪವೆಂದು ಹೊರಗಿನವರಿಗೆ ತೋರಬಹುದು. ಮನೆಯವರಿಂದ ದೂರವಾಗಿ ಜೈಲಿನಲ್ಲಿ ಕುಳಿತವನಿಗೆ ಹಾಗೆ ತೋರುವುದಿಲ್ಲ, ಕಾನೂನಿಗೂ ಹಾಗೆ ತೋರಬಾರದು. ಈ ಎರಡು ತೀರ್ಪುಗಳ ಬಗ್ಗೆ ನನಗೆ ಇರುವ ಗೌರವ ಅದಕ್ಕಾಗಿ.

ಲೆಕ್ಕದ ತಪ್ಪನ್ನು ತಿದ್ದಲು ಇಷ್ಟು ಕಾಳಜಿ ತೋರಿಸುವ ವ್ಯವಸ್ಥೆ, ಲೆಕ್ಕಕ್ಕೂ ಹಿಂದೆ ಇರುವ ಗಡೀಪಾರು ಆದೇಶವನ್ನು ತೆರೆದು ನೋಡಲು ಮಾತ್ರ ಹಿಂಜರಿಯುತ್ತದೆ. ಅಲ್ಲಿಯೇ ನನ್ನ ತಕರಾರು.

ಈ ಅಪರಾಧ ಅಮೆರಿಕದ ಕಾನೂನು ಸಂಹಿತೆಯ 8ನೇ ಭಾಗದ 1326ನೇ ಕಲಮಿನಲ್ಲಿದೆ. ಗಡೀಪಾರಾದ ವಿದೇಶಿ ಪ್ರಜೆ ಸರ್ಕಾರದ ಒಪ್ಪಿಗೆಯಿಲ್ಲದೆ ಮತ್ತೆ ಒಳಬಂದರೆ, ಬರಲು ಯತ್ನಿಸಿದರೆ, ಅಥವಾ ಯಾವಾಗಲಾದರೂ ಒಳಗೆ ಕಂಡುಬಂದರೆ ಎರಡು ವರ್ಷದವರೆಗೆ ಸಜೆ. ಗಡೀಪಾರಿಗೆ ಮೊದಲು ಗುರುತರ ಅಪರಾಧದ ಶಿಕ್ಷೆಯಾಗಿದ್ದರೆ ಹತ್ತು ವರ್ಷದವರೆಗೆ. ‘ಅಗ್ರವೇಟೆಡ್ ಫೆಲನಿ’ ಎಂಬ ವರ್ಗದ ಅಪರಾಧವಾಗಿದ್ದರೆ ಇಪ್ಪತ್ತು ವರ್ಷದವರೆಗೆ. ಈ ವರ್ಗದಲ್ಲಿ ಕೊಲೆಯೂ ಇದೆ. 1996ರ ತಿದ್ದುಪಡಿಗಳ ನಂತರ ಒಂದು ವರ್ಷದ ಶಿಕ್ಷೆಯಾದ ಸಣ್ಣ ಕಳವೂ ಅದರೊಳಗೆ ಬರಬಹುದು, ಆ ಒಂದು ವರ್ಷವನ್ನು ಅಮಾನತಿನಲ್ಲಿಟ್ಟು ಆರೋಪಿಯನ್ನು ಮನೆಗೆ ಕಳಿಸಿದ್ದರೂ ಸರಿ. ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಯಾಗುವ ಪ್ರಕರಣಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಇತ್ತೀಚೆಗೆ ವಲಸೆಗೆ ಸಂಬಂಧಿಸಿದವು, ಅವುಗಳಲ್ಲಿ ದೊಡ್ಡ ಪಾಲು ಈ ಕಲಮಿನದು. ಬಹುತೇಕ ಎಲ್ಲರೂ ತಪ್ಪೊಪ್ಪಿಕೊಳ್ಳುತ್ತಾರೆ.

ಕಾನೂನಿನ ಹುಟ್ಟನ್ನೂ ಹೇಳಬೇಕು. 1917ರ ವಲಸೆ ಕಾಯ್ದೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿ, ಭಾರತೀಯ ಕೂಲಿಕಾರರಿಗೂ ಬಾಗಿಲು ಮುಚ್ಚಿತು. 1924ರ ಕಾಯ್ದೆ ಯೂರೋಪಿನವರಿಗೂ ಕೋಟಾ ಹಾಕಿತು, ಆದರೆ ಮೆಕ್ಸಿಕೊಗೆ ಹಾಕಲಿಲ್ಲ. ನೈಋತ್ಯ ರಾಜ್ಯಗಳ ದೊಡ್ಡ ಜಮೀನುದಾರರಿಗೆ ಮೆಕ್ಸಿಕೊದ ಕೂಲಿಗಳು ಬೇಕಿದ್ದರು. ಆ ಕೂಲಿಗಳು ಬರುವುದೇ ಬೇಡವೆನ್ನುವವರಿಗೂ ಜಮೀನುದಾರರಿಗೂ ನಡುವಿನ ಒಪ್ಪಂದದಂತೆ 1929ರ ಮಾರ್ಚ್‌ನಲ್ಲಿ ಒಂದು ಕಾಯ್ದೆ ಬಂತು. ಅದನ್ನು ಮುಂದೆ ನಿಂತು ತಂದವರು ದಕ್ಷಿಣ ಕೆರೊಲಿನಾದ ಸೆನೆಟರ್ ಕೋಲ್‌ಮನ್ ಬ್ಲೀಸ್, ಬಿಳಿಯರ ಶ್ರೇಷ್ಠತೆಯನ್ನು ಬಹಿರಂಗವಾಗಿ ಸಾರುತ್ತಿದ್ದ ರಾಜಕಾರಣಿ. ಗಡೀಪಾರಾಗಿ ಮರಳಿ ಬಂದವರಿಗೆ ಎರಡು ವರ್ಷದವರೆಗೆ ಸಜೆ ಎಂಬುದು ಮೊದಲು ಬಂದದ್ದು ಆ ಕಾಯ್ದೆಯಲ್ಲಿ. 1952ರಲ್ಲಿ ಅದೇ ಕಲಮು 1326 ಎಂಬ ಸಂಖ್ಯೆ ಪಡೆಯಿತು.

2021ರಲ್ಲಿ ನೆವಾಡದ ನ್ಯಾಯಾಧೀಶೆ ಮಿರಾಂಡಾ ಡು ಈ ಇತಿಹಾಸವನ್ನೇ ಆಧಾರವಾಗಿಟ್ಟುಕೊಂಡು, ಜನಾಂಗೀಯ ದುರುದ್ದೇಶದಿಂದ ಹುಟ್ಟಿದ ಈ ಕಲಮು ಸಂವಿಧಾನಬಾಹಿರ ಎಂದು ತೀರ್ಪಿತ್ತರು. 1929ರ ಉದ್ದೇಶದ ಬಗ್ಗೆ ಸರ್ಕಾರವೂ ಕೊನೆಗೆ ವಾದ ಹೂಡಲಿಲ್ಲ. 1952ರದು ಬೇರೆ ಸಂಸತ್ತು, ಬೇರೆ ಕಾನೂನು ಎಂದಿತು. 2023ರಲ್ಲಿ ಒಂಬತ್ತನೇ ಸರ್ಕ್ಯೂಟ್ ಆ ವಾದವನ್ನು ಎತ್ತಿಹಿಡಿದು ಡು ಅವರ ತೀರ್ಪನ್ನು ರದ್ದುಮಾಡಿತು. ಬೇರನ್ನೇ ಪ್ರಶ್ನಿಸಿದ ಮೇಲ್ಮನವಿಗಳ ದಾರಿ ಬಹುಮಟ್ಟಿಗೆ ಅಲ್ಲಿಗೆ ಮುಚ್ಚಿತು.

ಇನ್ನು ಹಳೆಯ ಆದೇಶ. ಗಡೀಪಾರಾಗಿರಲೇಬೇಕು ಎಂಬುದು ಈ ಅಪರಾಧದ ಅಂಗ. ಆ ಗಡೀಪಾರೇ ತಪ್ಪಾಗಿ ಆಗಿದ್ದರೆ? 1984ರ ಅಕ್ಟೋಬರ್‌ನಲ್ಲಿ ನೆಬ್ರಾಸ್ಕದ ಲಿಂಕನ್ ಊರಿನಲ್ಲಿ ಹಿಡಿದ ಇಬ್ಬರು ಮೆಕ್ಸಿಕನ್ನರನ್ನು ಡೆನ್ವರ್‌ಗೆ ಒಯ್ದು, ಇನ್ನೂ 11 ಮಂದಿಯ ಜೊತೆ ಒಟ್ಟಿಗೇ ವಿಚಾರಣೆಗೆ ನಿಲ್ಲಿಸಿದರು. ಗಡೀಪಾರಿನಿಂದ ವಿನಾಯಿತಿ ಕೇಳಬಹುದಾದ ದಾರಿಯನ್ನು ವಲಸೆ ನ್ಯಾಯಾಧೀಶರು ಅವರಿಗೆ ಅರ್ಥವಾಗುವಂತೆ ಹೇಳಲಿಲ್ಲ. ಮೇಲ್ಮನವಿಯ ಹಕ್ಕು ಬಿಟ್ಟುಕೊಟ್ಟಿರೆಂದು ಬರೆದುಕೊಂಡರು, ಗಡಿ ದಾಟಿಸಿದರು. ಡಿಸೆಂಬರ್‌ನಲ್ಲಿ ಇಬ್ಬರೂ ಮತ್ತೆ ಲಿಂಕನ್‌ನಲ್ಲಿ ಸಿಕ್ಕಿದಾಗ 1326ರ ಮೊಕದ್ದಮೆ ಹೂಡಿದರು. 1987ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಂತೆ ಅವರ ಪರ ತೀರ್ಪು ಕೊಟ್ಟಿತು. ಆಡಳಿತ ಇಲಾಖೆಯ ಒಂದು ಆದೇಶವನ್ನು ಆಧರಿಸಿ ಒಬ್ಬನನ್ನು ಜೈಲಿಗೆ ಕಳಿಸುವುದಾದರೆ, ಆ ಆದೇಶ ನ್ಯಾಯವಾಗಿತ್ತೇ ಎಂದು ಎಲ್ಲಾದರೂ ಒಮ್ಮೆ ನ್ಯಾಯಾಲಯದಲ್ಲಿ ಪರಿಶೀಲನೆ ಆಗಿರಲೇಬೇಕು ಎಂದಿತು. ಬರೆದವರು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಈ ಕಲಮಿನ ಬಗ್ಗೆ ಬಂದ ತೀರ್ಪುಗಳಲ್ಲೆಲ್ಲ ನ್ಯಾಯಕ್ಕೆ ಅತಿ ಹತ್ತಿರವಾದದ್ದು ಇದೇ ಎಂಬುದು ನನ್ನ ನಂಬಿಕೆ.

1996ರಲ್ಲಿ ಅಮೆರಿಕದ ಸಂಸತ್ತು ಈ ತೀರ್ಪನ್ನು ಕಾನೂನಿಗೆ ಸೇರಿಸುವಾಗ ಮೂರು ಷರತ್ತು ಹಾಕಿತು. ಇಲಾಖೆಯೊಳಗೆ ಇದ್ದ ಮೇಲ್ಮನವಿಗಳನ್ನೆಲ್ಲ ಆರೋಪಿ ಮುಗಿಸಿರಬೇಕು, ನ್ಯಾಯಾಲಯಕ್ಕೆ ಹೋಗುವ ಅವಕಾಶ ಅವನಿಗೆ ಅನುಚಿತವಾಗಿ ತಪ್ಪಿರಬೇಕು, ಆದೇಶ ಬುಡದಿಂದಲೇ ಅನ್ಯಾಯವಾಗಿರಬೇಕು. ಮೂರನ್ನೂ ಆರೋಪಿಯೇ ತೋರಿಸಬೇಕು.

ಷರತ್ತುಗಳ ಬಿಗಿ ಎಷ್ಟೆಂದು 2021ರಲ್ಲಿ ಗೊತ್ತಾಯಿತು. ಕಾಯಂ ವಾಸದ ಹಕ್ಕು ಪಡೆದಿದ್ದ ಒಬ್ಬ ಮೆಕ್ಸಿಕನ್ನನನ್ನು 1998ರಲ್ಲಿ ಗಡೀಪಾರು ಮಾಡಿದ್ದರು. ಕುಡಿದು ವಾಹನ ಓಡಿಸಿದ್ದಕ್ಕೆ ಹಿಂದೆ ಆಗಿದ್ದ ಶಿಕ್ಷೆ ಅಗ್ರವೇಟೆಡ್ ಫೆಲನಿಯೆಂಬುದು ಕಾರಣ. ಆತ ಮೇಲ್ಮನವಿ ಬಿಟ್ಟುಕೊಟ್ಟ, ಮರುದಿನವೇ ಗಡಿಯಾಚೆ ಬಿಟ್ಟರು. ಕುಡಿದು ಓಡಿಸುವುದು ಆ ವರ್ಗಕ್ಕೆ ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟೇ 2004ರಲ್ಲಿ ಹೇಳಿತು. ಅಂದರೆ ಆತನ ಗಡೀಪಾರಿಗೆ ಕೊಟ್ಟ ಕಾರಣವೇ ಕಾನೂನಿನಲ್ಲಿ ಇರಲಿಲ್ಲ. 2017ರಲ್ಲಿ ಆತ ಮತ್ತೆ ಅಮೆರಿಕದಲ್ಲಿ ಕಂಡುಬಂದಾಗ ಮೊಕದ್ದಮೆಯಾಯಿತು. ಕೆಳಗಿನ ಎರಡೂ ಕೋರ್ಟುಗಳು, ಆದೇಶವೇ ತಪ್ಪಾಗಿರುವಾಗ ಮೊದಲೆರಡು ಷರತ್ತು ಬೇಕಿಲ್ಲವೆಂದು ದೋಷಾರೋಪವನ್ನು ವಜಾ ಮಾಡಿದವು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಿರುಗಿಸಿತು: ಮೂರು ಷರತ್ತೂ ಕಡ್ಡಾಯ, ಆದೇಶ ತಪ್ಪೆಂಬ ಒಂದೇ ಕಾರಣಕ್ಕೆ ವಿನಾಯಿತಿ ಇಲ್ಲ. ‘ಪಲೊಮರ್-ಸ್ಯಾಂಟಿಯಾಗೊ’ ಎಂಬ ಆ ತೀರ್ಪನ್ನು ಬರೆದವರೂ ಸೊಟೊಮೇಯರ್ ಅವರೇ. ಕಲಮಿನ ಮಾತು ಅಷ್ಟು ಸ್ಪಷ್ಟವಾಗಿದೆ, ನ್ಯಾಯಮೂರ್ತಿಗಳನ್ನು ದೂರುವುದು ಕಷ್ಟ. ಆದರೆ ಕಲಮಿನ ಮಾತು ಹಾಗಿರಬೇಕಿತ್ತೇ? ತನ್ನ ಮೇಲಿನ ಆರೋಪ ಕಾನೂನಿನ ಪ್ರಕಾರ ತಪ್ಪೆಂದು, ಸುಪ್ರೀಂ ಕೋರ್ಟು ಹೇಳುವುದಕ್ಕೂ ಆರು ವರ್ಷ ಮೊದಲು, ವಲಸೆ ನ್ಯಾಯಾಧೀಶರ ಮುಂದೆ ನಿಂತ ಒಬ್ಬ ಸಾಮಾನ್ಯ ಮನುಷ್ಯ ತಿಳಿದು ವಾದಿಸಬೇಕಿತ್ತೆಂದು ಕೇಳುವುದು ಅನ್ಯಾಯ. ವಲಸೆ ಕೋರ್ಟಿನಲ್ಲಿ ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಕಟ್ಟಳೆಯೂ ಇಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಫೆಡರಲ್ ಡಿಫೆಂಡರ್ ಸಿಗುತ್ತಾರೆ. ಆದರೆ ಆ ವಕೀಲರ ಅಗತ್ಯ ಅತಿ ಹೆಚ್ಚಾಗಿ ಇದ್ದದ್ದು ಮೊದಲ ಕೋರ್ಟಿನಲ್ಲಿ.

ಅದೇ 1996ರಲ್ಲಿ ಬಂದ ಇನ್ನೊಂದು ಕಾಯ್ದೆ, ಗಡಿಯಲ್ಲಿ ಸಿಕ್ಕಿದವರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸದೆ ಅಧಿಕಾರಿಯ ಸಹಿಯಿಂದಲೇ ಹೊರಹಾಕುವ ತ್ವರಿತ ಕ್ರಮವನ್ನು ತಂದಿತು. ಆ ಸಹಿಯೂ ಮುಂದೆ 1326ರ ಮೊಕದ್ದಮೆಗೆ ಬುನಾದಿಯಾಗುತ್ತದೆ.

ಶಿಕ್ಷೆಯ ವಿರುದ್ಧದ ಮೇಲ್ಮನವಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಇನ್ನೊಂದು ಹೆಸರು ‘ಅಲ್ಮೆಂಡರೆಜ್-ಟೊರೆಸ್’. 1998ರ ತೀರ್ಪು, ಇದೂ ಮರುಪ್ರವೇಶದ್ದೇ. ಎರಡು ವರ್ಷದ ಮಿತಿಯನ್ನು ಇಪ್ಪತ್ತಕ್ಕೆ ಏರಿಸುವ ಹಳೆಯ ಅಪರಾಧವನ್ನು ದೋಷಾರೋಪದಲ್ಲಿ ಹೇಳಬೇಕಾಗಿಲ್ಲ, ಜ್ಯೂರಿಯ ಮುಂದೆ ರುಜುವಾತು ಮಾಡಬೇಕಾಗಿಲ್ಲ, ನ್ಯಾಯಾಧೀಶರು ತಾವೇ ಕಂಡುಕೊಂಡರೆ ಸಾಕು ಎಂದು ಐದಕ್ಕೆ ನಾಲ್ಕರಂತೆ ಅದು ಹೇಳಿತು. ಎರಡೇ ವರ್ಷದಲ್ಲಿ, 2000ದ ‘ಅಪ್ರೆಂಡಿ’ ತೀರ್ಪು ಇದಕ್ಕೆ ತದ್ವಿರುದ್ಧ: ಗರಿಷ್ಠ ಶಿಕ್ಷೆಯನ್ನು ಏರಿಸುವ ಪ್ರತಿ ಸಂಗತಿಯೂ ಜ್ಯೂರಿಗೆ ಹೋಗಬೇಕು, ಹಿಂದಿನ ಶಿಕ್ಷೆ ಎಂಬ ಒಂದು ಸಂಗತಿಯ ಹೊರತು. ಆ ಅಪವಾದ ಅಂದಿನಿಂದ ಹಾಗೇ ಉಳಿದಿದೆ. 1998ರ ಬಹುಮತದ ಐವರಲ್ಲಿ ಒಬ್ಬರಾಗಿದ್ದ ನ್ಯಾಯಮೂರ್ತಿ ಥಾಮಸ್ ಅವರೇ ಅದು ತಪ್ಪು ತೀರ್ಪೆಂದು ಆಮೇಲೆ ಬರೆದಿದ್ದಾರೆ. ಆದ್ದರಿಂದ ಡಿಫೆಂಡರ್‌ಗಳು ಬ್ರೀಫಿನ ಕೊನೆಯಲ್ಲಿ ಒಂದು ಪ್ಯಾರಾ ಸೇರಿಸುತ್ತಾರೆ. ಈ ವಾದ ಇಲ್ಲಿ ಗೆಲ್ಲುವುದಿಲ್ಲವೆಂದು ನಮಗೂ ಗೊತ್ತು, ಸುಪ್ರೀಂ ಕೋರ್ಟ್ ಮನಸ್ಸು ಬದಲಿಸಿದರೆ ಹಕ್ಕು ಉಳಿದಿರಲಿ ಎಂದು ದಾಖಲಿಸುತ್ತೇವೆ ಎಂಬ ಅರ್ಥದ್ದು. ಇಂಥ ಪ್ಯಾರಾಗಳಿಂದ ಬೇಸತ್ತ ಐದನೇ ಸರ್ಕ್ಯೂಟಿನ ಪೀಠವೊಂದು, ಆದಾಯ ತೆರಿಗೆಯೇ ಸಂವಿಧಾನಬಾಹಿರ ಎನ್ನುವವರ ವಾದದ ಸಾಲಿಗೆ ಇವನ್ನೂ ಸೇರಿಸುವುದಾಗಿ 2007ರಲ್ಲಿ ಎಚ್ಚರಿಸಿತು. ಡಿಫೆಂಡರ್‌ಗಳು ನಿಲ್ಲಿಸಲಿಲ್ಲ. ಅವರು ಮಾಡಿದ್ದೇ ಸರಿ. ಕಾನೂನು ಒಂದು ದಿನ ತಿರುಗಿದರೆ, ಅಂದು ದಾಖಲೆಯಲ್ಲಿ ಹೆಸರಿದ್ದವರಿಗೇ ಅದರ ಫಲ ಸಿಗುವುದು.

ಕಾನೂನಿನ ಈ ತೊಡಕುಗಳಿಗಿಂತ ಹೆಚ್ಚು ಮೇಲ್ಮನವಿಗಳನ್ನು ಮುಗಿಸುವುದು ಗಡುವು. ತೀರ್ಪು ದಾಖಲಾದ 14 ದಿನದೊಳಗೆ ನೋಟಿಸ್ ಕೊಡಬೇಕು. ಗಡಿ ಜಿಲ್ಲೆಗಳಲ್ಲಿ ಫಾಸ್ಟ್ ಟ್ರ್ಯಾಕ್ ಎಂಬ ಏರ್ಪಾಡಿದೆ: ಬೇಗ ತಪ್ಪೊಪ್ಪಿಕೊಂಡರೆ ನಾಲ್ಕು ಅಂಕದವರೆಗೆ ರಿಯಾಯಿತಿ, ಅದಕ್ಕೆ ಪ್ರತಿಯಾಗಿ ಮೇಲ್ಮನವಿಯ ಹಕ್ಕು ಬಿಟ್ಟುಕೊಡುವ ಸಹಿ. ಸಹಿ ಹಾಕಿದ್ದರೂ, ಕಕ್ಷಿದಾರ ನೋಟಿಸ್ ಕೊಡಿ ಎಂದರೆ ವಕೀಲರು ಕೊಡಲೇಬೇಕೆಂದು 2019ರ ‘ಗಾರ್ಜಾ’ ತೀರ್ಪು ಹೇಳಿದೆ. ಆದರೆ ಇಂಗ್ಲಿಷ್ ಬಾರದ, ದುಭಾಷಿ ಬಂದಾಗ ಮಾತ್ರ ವಕೀಲರೊಡನೆ ಮಾತಾಡಬಲ್ಲ ಕೈದಿಗೆ ಹಾಗೆ ಕೇಳಬಹುದೆಂದು ಯಾರಾದರೂ ತಿಳಿಸಿರಬೇಕಲ್ಲ.

ನೋಟಿಸ್ ಕೊಟ್ಟ ಮೇಲೂ ಕಾಲ ಸುಮ್ಮನಿರುವುದಿಲ್ಲ. ಈ ಅಪರಾಧಕ್ಕೆ ಈಗ ಬೀಳುವ ಸರಾಸರಿ ಶಿಕ್ಷೆ ಒಂದು ವರ್ಷದ ಆಸುಪಾಸು, ವಿಚಾರಣೆಗೆ ಮುಂಚಿನ ಬಂಧನವೂ ಅದರಲ್ಲಿ ಕಳೆಯುತ್ತದೆ. ಮೇಲ್ಮನವಿಯ ದಾಖಲೆ ಸಿದ್ಧವಾಗಿ, ಬ್ರೀಫ್, ಮರುಬ್ರೀಫ್ ಆಗಿ ತೀರ್ಪು ಬರುವ ಹೊತ್ತಿಗೆ ಸಜೆ ಮುಗಿದು ಆತ ಮತ್ತೆ ಗಡೀಪಾರಾಗಿರುತ್ತಾನೆ. ಆಮೇಲೆ, ಇನ್ನು ತೀರ್ಮಾನಿಸಲು ಏನೂ ಉಳಿದಿಲ್ಲವೆಂದು ಸರ್ಕಾರ ವಾದಿಸುತ್ತದೆ. ಕೆಲವು ಸರ್ಕ್ಯೂಟುಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. 77 ತಿಂಗಳಂಥ ದೀರ್ಘ ಶಿಕ್ಷೆಯಾದವರ ಪ್ರಕರಣಗಳೇ ಸುಪ್ರೀಂ ಕೋರ್ಟಿನವರೆಗೆ ಬರುವುದಕ್ಕೆ ಇದೂ ಒಂದು ಕಾರಣ. ಎಂಟು ತಿಂಗಳ ಶಿಕ್ಷೆಯಾಗುವ ಬದಲು ಹತ್ತು ತಿಂಗಳಾದವನ ತಪ್ಪು ಲೆಕ್ಕವನ್ನು ತಿದ್ದಲು ಕೋರ್ಟಿಗೆ ಸಮಯವೇ ಸಿಗುವುದಿಲ್ಲ.

ಸುಧಾರಣೆ ಆಗಿಲ್ಲವೆಂದಲ್ಲ. ಹಳೆಯ ಅಪರಾಧದ ಹೆಸರು ನೋಡಿ 16 ಅಂಕ ಕೂಡಿಸುವ ಪದ್ಧತಿ 2016ರಲ್ಲಿ ಹೋಯಿತು. ಈಗ ನೋಡುವುದು ಹಿಂದೆ ಎಷ್ಟು ಕಾಲದ ಶಿಕ್ಷೆಯಾಗಿತ್ತೆಂಬುದನ್ನು, ಅತಿ ಹೆಚ್ಚೆಂದರೆ ಒಂದು ಅಪರಾಧಕ್ಕೆ 10 ಅಂಕ. ಎಳವೆಯಲ್ಲೇ ಬಂದು ಅಲ್ಲಿಯೇ ಓದಿ ಬೆಳೆದು, ಊರೆಂದರೆ ಅಮೆರಿಕವೇ ಆಗಿರುವವನು ಮರಳಿ ಬಂದರೆ ಅದನ್ನು ರಿಯಾಯಿತಿಗೆ ಪರಿಗಣಿಸಬಹುದೆಂದು 2010ರಲ್ಲೇ ಗೈಡ್‌ಲೈನಿನ ಟಿಪ್ಪಣಿ ಹೇಳಿತು. ಆದರೆ ಅದು ನ್ಯಾಯಾಧೀಶರ ವಿವೇಚನೆ. ಆ ವಿವೇಚನೆಯನ್ನು ಮೇಲ್ಮನವಿ ಕೋರ್ಟು ಮುಟ್ಟುವುದು ಅಪರೂಪ. ಹೀಗೆ ಮಕ್ಕಳನ್ನು ನೋಡಲು ಬಂದೆ, ಸಾಯುತ್ತಿರುವ ತಾಯಿಗಾಗಿ ಬಂದೆ ಎಂಬ ಮಾತಿಗೆ ಕೆಳಗಿನ ಕೋರ್ಟಿನಲ್ಲಿ ಕಿವಿ ಸಿಗದಿದ್ದರೆ ಮೇಲೆ ಸಿಗುವುದು ಕಷ್ಟ. ಅಲ್ಲಿ ನಿಲ್ಲುವುದು ಕೂಡುವ, ಕಳೆಯುವ ವಾದ.

ಇದೆಲ್ಲ ಮೆಕ್ಸಿಕೊ, ಹೊಂಡುರಾಸ್‌ಗಳ ಸಂಗತಿಯೆಂದು ನಾವು ಬಿಟ್ಟುಬಿಡುವ ಹಾಗಿಲ್ಲ. 2025ರ ಫೆಬ್ರುವರಿ 5ರಂದು 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. ಕೈಕಾಲಿಗೆ ಕೋಳ ಹಾಕಿದ್ದರೆಂಬ ಸುದ್ದಿಗೆ ದೇಶ ಕುದಿಯಿತು, ಕುದಿಯಬೇಕಾದದ್ದೇ. ಆದರೆ ಅಮೆರಿಕದಿಂದ ಹೀಗೆ ಹೊರಹಾಕಲ್ಪಟ್ಟವರಿಗೆ ಕೊಡುವ ಕಾಗದದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಎಷ್ಟು ವರ್ಷ ಆ ದೇಶಕ್ಕೆ ಬರುವಂತಿಲ್ಲ ಎಂಬುದು ಅದರಲ್ಲಿರುತ್ತದೆ: ಗಡಿಯಲ್ಲಿ ತ್ವರಿತ ಕ್ರಮದಲ್ಲಿ ಹೋದವರಿಗೆ ಸಾಮಾನ್ಯವಾಗಿ 5 ವರ್ಷ, ಎರಡನೆಯ ಸಲವಾದರೆ 20, ಅಗ್ರವೇಟೆಡ್ ಫೆಲನಿಯಿದ್ದರೆ ಶಾಶ್ವತ. ಕೆಳಗೆ 1326ರ ಎಚ್ಚರಿಕೆಯೂ ಇರುತ್ತದೆ. ಸಾಲ ಮಾಡಿ, ಹೊಲ ಮಾರಿ ಹೋಗಿ ಬರಿಗೈಲಿ ಮರಳಿದವನ ಬಳಿ ಏಜೆಂಟ್ ಮತ್ತೆ ಬಂದು, ಈ ಸಲ ಬೇರೆ ದಾರಿಯಿದೆ ಎಂದರೆ, ಮೊದಲ ಸಲ ಆದದ್ದಕ್ಕೂ ಈ ಸಲ ಆಗುವುದಕ್ಕೂ ಇರುವ ವ್ಯತ್ಯಾಸವನ್ನು ಆತ ಹೇಳುವುದಿಲ್ಲ. ಮೊದಲ ಸಲ ಕದ್ದು ದಾಟಿದ್ದು ಲಘು ಅಪರಾಧ, ಹೆಚ್ಚೆಂದರೆ ಆರು ತಿಂಗಳ ಸಜೆ. ಎರಡನೆಯದು ಗುರುತರ ಅಪರಾಧ. ಅದಕ್ಕೆ ಒಮ್ಮೆ ಶಿಕ್ಷೆಯಾಗಿ ಮೂರನೆಯ ಸಲ ಸಿಕ್ಕರೆ ಲೆಕ್ಕಕ್ಕೆ ಇನ್ನೂ ನಾಲ್ಕು ಅಂಕ ಸೇರುತ್ತದೆ.

ಕಾನೂನಿನಲ್ಲೇ ಒಂದು ನೇರ ದಾರಿಯೂ ಇದೆ. ನಿಷೇಧದ ಅವಧಿಯೊಳಗೇ ಮರಳಲು ಅನುಮತಿ ಕೋರಿ ಐ-212 ಎಂಬ ಅರ್ಜಿಯನ್ನು ಹೊರಗಿನಿಂದಲೇ ಹಾಕಬಹುದು. ಅದಕ್ಕೆ ಗಡೀಪಾರು ಆದೇಶದ ಪ್ರತಿ ಬೇಕು. ಆದೇಶ ಯಾವ ದಿನ, ಯಾವ ಕಲಮಿನಡಿ, ಯಾರ ಸಹಿಯಿಂದ ಆಯಿತು, ಮೇಲ್ಮನವಿ ಬಿಟ್ಟುಕೊಟ್ಟೆನೆಂದು ಬರೆದಿದೆಯೇ, ದುಭಾಷಿ ಇದ್ದರೇ ಎಂಬ ವಿವರಗಳನ್ನು ನೆನಪು ಹಸಿಯಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಮನೆಗೆ ಮರಳಿದ ಮಗನಿಗೋ ತಮ್ಮನಿಗೋ ಆ ಕಾಗದ ಎಲ್ಲಿಟ್ಟಿದ್ದೀಯೆಂದು ಮನೆಯವರು ಮೊದಲು ಕೇಳಲಿ. ಕಳೆದುಹೋಗಿದ್ದರೆ ಅಮೆರಿಕದ ಇಲಾಖೆಯಲ್ಲಿ ‘ಎ-ಫೈಲ್’ ಎಂಬ ಆತನ ಕಡತ ಇದ್ದೇ ಇರುತ್ತದೆ. ಅಲ್ಲಿನ ಮಾಹಿತಿ ಹಕ್ಕಿನ ಕಾಯ್ದೆಯಡಿ ಅದರ ಪ್ರತಿ ಕೇಳಬಹುದು.